ಪದ್ಮಣ್ಣನ ಸೋರುವ ಎಂಜಿನ್ನು

ಎಡಗಾಲಿನ ಉಂಗುರ ಹೇಗೋ ಬಂತು, ಬಲಗಾಲಿನದು ಬರಲೊಲ್ಲದು. ಪಕ್ಕದ ಮನೆಯ ತಾರವ್ವ ರಾಜಮತಿಯ ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ತಿರುವಿದಳು, ಎಳೆದಳು, ಕೊನೆಗೆ ಸಾಕಾಗಿ ಕೈಬಿಟ್ಟಳು. ಮದುವೆಯಲ್ಲಿ ತೊಡಿಸಿದ ಸಂದಿಲ್ಲದ ಬೆಳ್ಳಿಯ ಉಂಗುರ. ಅಂದಿನಿಂದ ಬೆರಳು ಬೆಳೆದಿತ್ತು, ಉಂಗುರ ಬೆಳೆದಿರಲಿಲ್ಲ.

"ಒಂದೀಟ ಎಣ್ಣಿ ಬೇಕಲ್ಲ ರಾಜವ್ವ. ಅಡಗಿಮನ್ಯಾಗ ಹೋಗಲೇನು?"

"ಅಲ್ಲೀತನಾ ಯಾಕ. ಎಂಜಿನ್ ಬುಡಕ ತಾಟ ಐತಿ ನೋಡು."

ತಾರವ್ವ ಎದ್ದು ಹೋಗಿ ತಾಟಿನ ಕರಿ ಎಣ್ಣೆಯನ್ನು ಬೆರಳಲ್ಲಿ ಅದ್ದಿ ತಂದು ಸವರಿದಳು. ಉಂಗುರ ಸರಕ್ಕನೆ ಜಾರಿತು. "ಪದ್ಮಣ್ಣನ ಎಂಜಿನ್ ಸೋರಿದ್ದಕ್ಕ ಇವತ್ತರೆ ಒಂದ ಉಪಯೋಗ ಆತು," ಎಂದುಬಿಟ್ಟು, ಆಮೇಲೆ ನಾಲಿಗೆ ಕಚ್ಚಿಕೊಂಡಳು.

ರಾಜಮತಿಗೆ ಬೇಸರವಾಗಲಿಲ್ಲ. ಬೆಳಗಿನಿಂದ ಬಂದವರೆಲ್ಲ ಅವಳ ಗಂಡನನ್ನು ದೇವರಂಥ ಮನುಷ್ಯ ಎಂದು ಹೊಗಳಿದ್ದೇ ಹೊಗಳಿದ್ದು. ಅವನ ಎಂಜಿನ್ನಿನ ಸುದ್ದಿ ಎತ್ತಿದವಳು ಇವಳೊಬ್ಬಳೇ. ಆ ಮಾತಿಗೆ ಅವಳಿಗೆ ಮೊದಲ ಸಲ ಅಳು ಒತ್ತರಿಸಿ ಬಂತು.

ಪದ್ಮರಾಜ ಸಾವಳಗಿಯ ಹಿಟ್ಟಿನ ಗಿರಣಿಯವನು. ಗಿರಣಿ ಎಂದರೆ ಬೇರೆ ಕಟ್ಟಡವೇನಲ್ಲ, ಮನೆಯ ಪಡಸಾಲೆಯೇ. ಒಂದು ಮೂಲೆಗೆ ಎಂಜಿನ್ನು, ಇನ್ನೊಂದು ಮೂಲೆಗೆ ಬೀಸುವ ಕಲ್ಲು, ನಡುವೆ ಎರಡನ್ನೂ ಕೂಡಿಸುವ ಪಟ್ಟಾ. ಎಂಜಿನ್ನು ಶುರುವಾಗಬೇಕಾದರೆ ಮೊದಲು ಅದರ ತಲೆಯನ್ನು ದೀಪದಿಂದ ಕಾಯಿಸಬೇಕು. ಆ ಮುಂಜಾನೆ ದೀಪ ಹಚ್ಚಿಟ್ಟು, ಕಾಯುವವರೆಗೆ ಕೂರೋಣವೆಂದು ಗೋಡೆಗೆ ಒರಗಿದವನು ಮತ್ತೆ ಏಳಲಿಲ್ಲ. ಜೋಳದ ಬುಟ್ಟಿ ತಂದ ಹೆಂಗಸರು ಕೂಗಿ ಕರೆದ ಮೇಲೆಯೇ ಒಳಗಿದ್ದ ರಾಜಮತಿಗೆ ಗೊತ್ತಾದದ್ದು. ಮಕ್ಕಳಿರಲಿಲ್ಲ. ಇದ್ದದ್ದು ಅವರಿಬ್ಬರು ಮತ್ತು ಆ ಎಂಜಿನ್ನು.

ಜಮಖಂಡಿಯಿಂದ ಅವನ ಅಣ್ಣ ತಾತ್ಯಾಸಾಹೇಬರು ಬಂದರು. ತಮ್ಮನ ಮುಖ ನೋಡಿ ಅತ್ತರು. ಆಮೇಲೆ ಹಿರಿಯರಾದವರು ಮಾಡಬೇಕಾದ ಕೆಲಸಕ್ಕೆ ಇಳಿದರು.

"ತಾರವ್ವಾ, ಆಕೀಗಿ ಹೇಳು," ಎಂದರು. ರಾಜಮತಿ ಬಾಗಿಲ ಹಿಂದೆ ಸೆರಗು ಎಳೆದುಕೊಂಡು ಕೈಗೆಟಕುವಷ್ಟು ಹತ್ತಿರವೇ ನಿಂತಿದ್ದಳು. ಆದರೆ ಗಂಡನ ಅಣ್ಣನೊಡನೆ ನೇರವಾಗಿ ಮಾತಾಡುವ ರೂಢಿ ಆ ಮನೆತನದಲ್ಲಿ ಇರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಇಬ್ಬರ ನಡುವಿನ ಮಾತು ಮೂರನೆಯವರ ಬಾಯಿಂದಲೇ ಹಾಯಬೇಕಿತ್ತು. "ಇಲ್ಲೀ ಕಾರ್ಯ ಮುಗದ ಮ್ಯಾಲೆ ಜಮಖಂಡಿಗಿ ಕರಕೊಂಡ ಹೋಗತೇನಿ. ಗಿರಣಿ ಬಾಗಲಾ ಹಾಕೂದ. ಎಂಜಿನ್ ಸೋರತೈತಿ, ನೆಲಾ ತುಂಬ ಎಣ್ಣಿ. ಒಂದ ಕಿಡಿ ಬಿತ್ತಂದ್ರ ಮನೀನ ಹೋತು. ಹಂತಾ ಮನ್ಯಾಗ ಹೆಣ್ಮಗಳನ್ನ ಒಬ್ಬಾಕೀನ್ನ ಬಿಟ್ಟು ನನಗ ಹ್ಯಾಂಗ ನಿದ್ದಿ ಬರತೈತಿ?"

ತಾತ್ಯಾಸಾಹೇಬರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಅವರ ಮನೆಯಲ್ಲಿ ಉಣ್ಣಲು ಉಡಲು ಕೊರತೆಯಾಗುತ್ತಿರಲಿಲ್ಲ. ಆದರೆ ಇನ್ನೊಬ್ಬರ ಅಡುಗೆಮನೆಯ ಮೂಲೆಯಲ್ಲಿ ಕಾಳು ಆರಿಸುತ್ತ ಕೂರುವ ವಿಧವೆಯರನ್ನು ರಾಜಮತಿ ನೋಡಿದ್ದಳು. ಅವಳಿಗೆ ಅದು ಬೇಡವಾಗಿತ್ತು. ಈ ಮನೆ ಬೇಕಿತ್ತು, ಈ ಗಿರಣಿ ಬೇಕಿತ್ತು.

"ಸೋರೂದು ನಿಂತರ?" ಎಂದಳು ತಾರವ್ವನಿಗೆ.

"ಸೋರೂದು ನಿಂತರ ಅಂತ ಕೇಳತಾಳ್ರಿ."

"ಅವಗ ನಿಲ್ಲಸಾಕ ಆಗಲಿಲ್ಲ, ಇನ್ನ ಯಾರ ನಿಲ್ಲಸಾವ್ರು," ಎಂದು ತಾತ್ಯಾಸಾಹೇಬರು ಕಣ್ಣೊರೆಸಿಕೊಂಡರು.

ತೆಗೆದ ಬೆಳ್ಳಿ ಮನೆತನದ ಹಿರಿಯರ ಕೈಗೆ ಹೋಗಬೇಕು. ತಾರವ್ವ ಎಡಗಾಲಿನ ಉಂಗುರ ಕೊಟ್ಟಳು. ಬಲಗಾಲಿನದನ್ನು ಕೊಡಲು ಹೋದಾಗ ರಾಜಮತಿ ಅವಳ ಮುಷ್ಟಿ ಹಿಡಿದಳು. "ಇದೊಂದ ನನ್ನ ಹಂತ್ಯಾಕ ಇರ್ಲಿ ಅನ್ನು." ತಾತ್ಯಾಸಾಹೇಬರು ಇರಲಿ ಎಂದು ಗೋಣು ಹಾಕಿ, ತಮ್ಮ ಪಾಲಿಗೆ ಬಂದದ್ದನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ ಕೋಟಿನ ಕಿಸೆಗೆ ಹಾಕಿಕೊಂಡರು. ಗಂಡನ ನೆನಪಿಗೆ ಇಟ್ಟುಕೊಳ್ಳುತ್ತಾಳೆ ಎಂದು ಎಲ್ಲರೂ ತಿಳಿದರು.

*

ಖರೆ ಹೇಳಬೇಕೆಂದರೆ ಆ ಎಂಜಿನ್ನಿಗೆ ಸೋರುವುದನ್ನು ಕಲಿಸಿದವನು ಪದ್ಮರಾಜನೇ. ಯುದ್ಧದ ಕಾಲದಲ್ಲಿ ರಬ್ಬರು ಸಿಗುತ್ತಿರಲಿಲ್ಲ. ರಿಪೇರಿಗೆ ಬಂದ ಮಿಸ್ತ್ರಿ ಎಣ್ಣೆಯ ನಳಿಗೆ ಎಂಜಿನ್ನಿಗೆ ಕೂಡುವಲ್ಲಿ, ನಟ್ಟಿನೊಳಗೆ, ಚರ್ಮದ ಬಿಲ್ಲೆಯೊಂದನ್ನು ಸೋರದಂತೆ ವಾಷರು ಎಂದು ಕೂರಿಸಿ ಹೋದ. ಒಂದು ಹನಿ ಹೊರಗೆ ಬರಲಿಲ್ಲ. ಅದು ಚರ್ಮವೆಂದು ಪದ್ಮರಾಜನಿಗೆ ತಿಳಿದದ್ದು ಆಮೇಲೆ. ಅವನು ಪಟ್ಟಾ ಕೂಡ ಚರ್ಮದ್ದು ಬೇಡವೆಂದು ಹುಡುಕಾಡಿ ಕ್ಯಾನ್ವಾಸಿನದು ತಂದ ಜೈನ. ಜನ ಉಣ್ಣುವ ಹಿಟ್ಟಿನ ಪಕ್ಕದಲ್ಲಿ ಸತ್ತ ದನದ ತೊಗಲೇ ಎಂದು ಆಗಿಂದಾಗಲೇ ಕಿತ್ತೊಗೆದ. ಅದರ ಜಾಗದಲ್ಲಿ ಹತ್ತಿಯ ನೂಲಿಗೆ ಸಾಬೂನು ತಿಕ್ಕಿ ಸುತ್ತಿದ.

ಮರುದಿನದಿಂದ ಎಂಜಿನ್ನಿನ ಬುಡದಲ್ಲಿ ಹನಿ ಶುರುವಾಯಿತು. ಬುಡದಲ್ಲಿ ಹನಿದರೆ ಬುಡದ ಬೋಲ್ಟೇ ಸಡಿಲ ಎಂದು ಅವನು ಅದನ್ನೇ ಬಿಗಿದ, ಮತ್ತೆ ಮತ್ತೆ ಬಿಗಿದ. ನೂಲಿನ ಮೇಲೆ ಅವನಿಗೆ ಅನುಮಾನ ಬರಲಿಲ್ಲವೋ, ಬರಲು ತಾನೇ ಬಿಡಲಿಲ್ಲವೋ, ಹೇಳಲಾಗದು. ಹಿಟ್ಟಿನ ಆಸೆಗೆ ಬಂದ ಇರುವೆಗಳು ಎಣ್ಣೆಯಲ್ಲಿ ಸಿಕ್ಕಿಬೀಳತೊಡಗಿದವು. ದಿನಾ ಸಂಜೆ ಪದ್ಮರಾಜ ಬೇವಿನ ಕಡ್ಡಿ ಹಿಡಿದು ಬದುಕಿದ್ದವನ್ನು ಎತ್ತಿ ಒಣ ನೆಲಕ್ಕೆ ಬಿಡುತ್ತಿದ್ದ. ಜೋಳ ಬೀಸಿಸಲು ಬರುವ ಒಕ್ಕಲಿಗ ಶಿದ್ರಾಮಪ್ಪ, ಅವನ ಗೆಳೆಯ, ನಕ್ಕು ನಕ್ಕು ಸುಸ್ತಾಗುತ್ತಿದ್ದ. "ಪದ್ಮಣ್ಣಾ, ಒಂದ ಸತ್ತ ದನಾ ಉಳಸಾಕ ಹೋಗಿ ದಿನಾ ಎಷ್ಟ ಇರಬಿ ಕೊಲ್ಲಾಕತ್ತೀಯೋ ಮಾರಾಯಾ." ಪದ್ಮರಾಜ ನಗುತ್ತಿರಲಿಲ್ಲ. ಆ ರಾತ್ರಿಗಳಲ್ಲಿ ಅವನಿಗೆ ಊಟ ಸೇರುತ್ತಿರಲಿಲ್ಲವೆಂಬುದು ರಾಜಮತಿಗೆ ಮಾತ್ರ ಗೊತ್ತಿತ್ತು.

ಕೊನೆಗೆ ಮೊನ್ನೆ ಅವನಿಗೊಂದು ಉಪಾಯ ಹೊಳೆಯಿತು. ಎಂಜಿನ್ನನ್ನು ಮೇಲಿಂದ ಕೆಳಗೆ ಒರೆಸಿ ಒಣಗಿಸಿದ. ರಾಜಮತಿ ಒಲೆಯ ಬೂದಿಯನ್ನು ಜರಡಿ ಹಿಡಿದು ಅದರ ಮೈತುಂಬ ಉದುರಿಸಿದಳು. ಎಂಜಿನ್ನು ಹಚ್ಚಿ ಇಬ್ಬರೂ ಕಣ್ಣು ನೆಟ್ಟು ಕೂತರು. ಬೂದಿ ಮೊದಲು ಕಪ್ಪಾದದ್ದು ಬುಡದಲ್ಲಲ್ಲ, ಮೇಲೆ, ನಳಿಗೆಯ ನಟ್ಟಿನ ಕೆಳಗೆ. ಅಲ್ಲಿಂದ ಸಣ್ಣ ಗೆರೆಯಾಗಿ ಇಳಿದು, ಬೋಲ್ಟಿಗೆ ಬಂದು ಹನಿಯಿತು.

"ನನ್ನ ನೂಲಿಂದ ಐತಿ ಇದು," ಎಂದ ಪದ್ಮರಾಜ. "ನೂಲು ತಡ್ಯಂಗಿಲ್ಲ. ಮೆತ್ತನ ತಾಮ್ರಾ ಬೇಕು, ಇಲ್ಲಾ ಬೆಳ್ಳಿ. ಇಷ್ಟ ದೊಡ್ಡದು." ಹೆಬ್ಬೆರಳು ತೋರುಬೆರಳು ಕೂಡಿಸಿ ಅಳತೆ ತೋರಿಸುತ್ತಿದ್ದವನ ಕಣ್ಣು ಅವಳ ಪಾದದ ಮೇಲೆ ನಿಂತಿತು. "ನಿನ್ನ ಕಾಲುಂಗರ ಬರೊಬ್ಬರಿ ಕೂಡತೈತಿ ನೋಡ."

"ತಗೋರಿ ಮತ್ತ."

"ನಾ ಇರೂತನಾ ಅದು ಆಗಂಗಿಲ್ಲ ಬಿಡು," ಎಂದು ನಕ್ಕ. ಅವಳೂ ನಕ್ಕಳು. ಸಂತೆಯ ದಿನ ಜಮಖಂಡಿಗೆ ಹೋಗಿ ತಾಮ್ರ ತರುತ್ತೇನೆ ಎಂದಿದ್ದ.

*

ಗಂಡಸರು ಹೆಣ ಹೊತ್ತು ಸ್ಮಶಾನಕ್ಕೆ ಹೋದರು. ಹೆಂಗಸರು ಮನೆಯಲ್ಲೇ ಉಳಿದರು. ರಾಜಮತಿ ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಎದ್ದು ಎಂಜಿನ್ನಿನ ಬಳಿಗೆ ಹೋದಳು.

ನಟ್ಟು ಬೋಲ್ಟುಗಳ ಡಬ್ಬಿ, ನಟ್ಟು ಬಿಚ್ಚುವ ಪಾನಾ, ಎಲ್ಲ ಮೇಲಿನ ಗೂಡಿನಲ್ಲಿ. ಪದ್ಮರಾಜ ಎತ್ತರದ ಆಳು, ತನ್ನ ಕೈಗೆ ಸಿಗುವಂತೆ ಇಟ್ಟುಕೊಂಡಿದ್ದ. ಅವಳು ಜೋಳದ ಚೀಲದ ಮೇಲೆ ಹತ್ತಿ ಪಾನಾ ಇಳಿಸಿಕೊಂಡಳು.

"ಏನ ಮಾಡಾಕತ್ತೀಯವ್ವ?" ತಾರವ್ವ ಗಾಬರಿಯಾದಳು.

"ಅವ್ರು ಮಾಡಬೇಕಂದದ್ದ."

ನಟ್ಟು ಬಿಚ್ಚಿತು. ಒಳಗಿನ ನೂಲನ್ನು ಬಿಡಿಸುವಾಗ ಮಾತ್ರ ಅವಳ ಕೈ ತಡೆಯಿತು. ಒಂದರ ಪಕ್ಕ ಒಂದು ಒತ್ತಾಗಿ ಅವನು ಸುತ್ತಿದ ಸುತ್ತುಗಳು. ಬಿಚ್ಚಿದ್ದನ್ನು ಎಸೆಯಲು ಮನಸ್ಸಾಗದೆ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಉಂಗುರವನ್ನು ತಕ್ಕಡಿಯ ಕಬ್ಬಿಣದ ತೂಕದ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿದಳು. ಬೆಳ್ಳಿ ಚಪ್ಪಟೆಯಾಯಿತು. ನಳಿಗೆಯ ಬಾಯಿಗೆ ಕೂರಿಸಿ, ನಟ್ಟು ಬಿಗಿದು, ಎಲ್ಲವನ್ನೂ ಒರೆಸಿ, ಮೇಲೆ ಬೂದಿ ಉದುರಿಸಿದಳು. ತಾಟನ್ನು ಒರೆಸಿ ಅಲ್ಲೇ ಇಟ್ಟಳು.

ಗಂಡಸರು ಸುಟ್ಟು, ಮಿಂದು ಬಂದಾಗ ಹೊತ್ತು ಇಳಿದಿತ್ತು. ಜೈನ ನೆಂಟರೆಲ್ಲ ಬೆಳಗಿನಿಂದ ಉಪವಾಸ, ಹೊತ್ತು ಮುಳುಗಿದ ಮೇಲೆ ಅವರು ಉಣ್ಣುವಂತಿಲ್ಲ. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲವೆಂದು ತಾರವ್ವ ತನ್ನ ಮನೆಯಲ್ಲಿ ಅಡುಗೆಗೆ ನಿಂತಿದ್ದಳು. ಅವಳೇ ಬಂದು ಬಾಗಿಲಲ್ಲಿ ನಿಂತಳು.

"ಬ್ಯಾಳಿ ಆಗೈತ್ರಿ. ರೊಟ್ಟಿಗಿ ಹಿಟ್ಟ ಇಲ್ಲ. ಓಣ್ಯಾಗ ಯಾರ ಮನ್ಯಾಗೂ ಇಲ್ಲ. ಎಲ್ಲಾರ ಜ್ವಾಳಾ ಇಲ್ಲೇ ಬುಟ್ಟ್ಯಾಗ ಕುಂತಾವು."

ರಾಜಮತಿ ಬಾಗಿಲ ಹಿಂದಿನಿಂದ ಪಡಸಾಲೆಗೆ ಬಂದಳು. "ಭಾವಾರ," ಎಂದಳು. ತಾರವ್ವನ ಕಡೆ ನೋಡಲಿಲ್ಲ. "ಎಂಜಿನ್ ಹಚ್ಚಸ್ರಿ. ಸೋರಂಗಿಲ್ಲ."

ಇಷ್ಟು ವರ್ಷಗಳಲ್ಲಿ ತಾತ್ಯಾಸಾಹೇಬರನ್ನು ನೇರವಾಗಿ ಕರೆದಿರದ ದನಿ. ಅವರ ಕಣ್ಣು ರೂಢಿಯಂತೆ ತಾರವ್ವನನ್ನು ಹುಡುಕಿತು, ಆಮೇಲೆ ನೇರ ರಾಜಮತಿಗೇ ಹೇಳಿದರು. "ಸತ್ತ ಮನ್ಯಾಗ ಬೆಂಕಿ ಹಚ್ಚತಾರೇನು?"

"ಅದು ಒಲಿಗಿ ಹೇಳೂ ಮಾತ್ರಿ," ಎಂದ ಶಿದ್ರಾಮಪ್ಪ. "ಮುಂಜಾನೆ ಪದ್ಮಣ್ಣ ತಾನ ದೀಪಾ ಹಚ್ಚಿದ್ನಲ್ಲ. ಅರ್ಧಾ ಕೆಲಸಾ ಮಾಡಿ ಹೋಗ್ಯಾನ. ಉಳದದ್ದ ನಾವ ಮಾಡೂಣು."

ತಾತ್ಯಾಸಾಹೇಬರು ಬೇಡವೆನ್ನಲಿಲ್ಲ. ರಾಜಮತಿ ದೀಪ ಹಚ್ಚಿದಳು, ಎಂಜಿನ್ನಿನ ತಲೆ ಕೆಂಪಾಗುವವರೆಗೆ ಕಾದಳು. ಶಿದ್ರಾಮಪ್ಪ ದೊಡ್ಡ ಗಾಲಿ ಹಿಡಿದು ತಿರುವಿದ. ಎಂಜಿನ್ನು ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿ ಹಿಡಿದುಕೊಂಡಿತು. ಕಲ್ಲಿನಿಂದ ಬಿಸಿ ಹಿಟ್ಟು ಬೀಳತೊಡಗಿತು, ತಾರವ್ವ ಬುಟ್ಟಿ ತುಂಬಿಕೊಂಡು ಓಡಿದಳು.

ತಾತ್ಯಾಸಾಹೇಬರು ಎಂಜಿನ್ನಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ನಟ್ಟಿನ ಕೆಳಗಿನ ಬೂದಿಯನ್ನು ನೋಡಿದರು. ಒಣಗಿಯೇ ಇತ್ತು. ತಾಟಿನಲ್ಲಿ ಬೆರಳಾಡಿಸಿ ನೋಡಿದರು. ನಟ್ಟಿನ ಸಂದಿನಲ್ಲಿ ಬೆಳ್ಳಗೆ ಹೊಳೆಯುವ ಅಂಚು ಕಣ್ಣಿಗೆ ಬಿದ್ದಾಗ ಅವರ ಕಣ್ಣು ಅವಳ ಬರಿಗಾಲಿಗೆ ಹೋಯಿತು. ಇರುವೆಗಳ ಸಾಲೊಂದು ಎಂಜಿನ್ನಿನ ಬುಡದಲ್ಲೇ ಹಿಟ್ಟು ಹೊತ್ತು ಹೊರಟಿತ್ತು.

ಅವರು ಎದ್ದು ಸಾಲನ್ನು ತುಳಿಯದಂತೆ ದಾಟಿದರು. ಕಿಸೆಯಿಂದ ಕರವಸ್ತ್ರ ತೆಗೆದು ಗಂಟು ಬಿಚ್ಚಿದರು. "ಅದು ಸವದರ ಇದು ಬೇಕಾಕೈತಿ," ಎಂದು ಎಡಗಾಲಿನ ಉಂಗುರವನ್ನು ನಟ್ಟು ಬೋಲ್ಟುಗಳ ಡಬ್ಬಿಗೆ ಹಾಕಿದರು. ಡಬ್ಬಿಯನ್ನು ಮೇಲಿನ ಗೂಡಿನಿಂದ ಇಳಿಸಿ, ಅವಳ ಎತ್ತರವನ್ನೊಮ್ಮೆ ನೋಡಿ, ಕೆಳಗಿನ ಗೂಡಿನಲ್ಲಿ ಇಟ್ಟರು.