ತುಟಿಯಲ್ಲಿ ಸೀಳಿದ್ದ ಚಿಪ್ಪು

ನಾನು ಒಂದು ಚಿಪ್ಪು, ಕಿರುಬೆರಳಿಗಿಂತ ಗಿಡ್ಡ. ಬಿಸಿಲು ತಲುಪದ ಕಡಲಾಳದಲ್ಲಿ ಒಂದು ಬಸವನಹುಳು ತನ್ನ ಮೈಯ ಸುಣ್ಣದಿಂದಲೇ ನನ್ನನ್ನು ಸುತ್ತು ಸುತ್ತಾಗಿ ಕಟ್ಟಿಕೊಂಡಿತು. ನೋಡಲು ಸಾಧು, ಆದರೆ ಅದು ಬೇಟೆಗಾರ. ಬಾಯಲ್ಲಿ ಬಾಣದಂಥ ವಿಷದ ಹಲ್ಲು. ಕೆಸರಿನ ಹುಳುವಿಗೆ ಒಮ್ಮೆ ಚುಚ್ಚಿದರೆ ಅಂದಿನ ಊಟ ಮುಗಿಯಿತು.

ಅದು ಸತ್ತ ಮೇಲೆ ಒಂದು ಸನ್ಯಾಸಿ ಏಡಿ ನನ್ನೊಳಗೆ ಸಂಸಾರ ಹೂಡಿತು. ಮೈ ಬೆಳೆದಾಗ ಬೇರೆ ಮನೆ ನೋಡಿಕೊಂಡು ಹೋಯಿತು. ಆಮೇಲೆ ಬಲೆ ಬಂತು.

ಗಂಗೊಳ್ಳಿಯ ಬಂದರಿನಲ್ಲಿ ಮೀನು ಬೇರ್ಪಡಿಸುವ ಗಿರಿಜಕ್ಕ ನನ್ನನ್ನು ಚಿಪ್ಪಿನ ಬುಟ್ಟಿಗೆ ಎಸೆದಳು. ಆ ಬುಟ್ಟಿ ಸಂಜೆ ಸುಣ್ಣದ ಗೂಡಿಗೆ ಹೋಗುವಂಥದ್ದು. ಅಲ್ಲಿ ಸುಟ್ಟರೆ ನಾನು ಬರೀ ಪುಡಿ. ಅಷ್ಟರಲ್ಲಿ ಕಾಲೇಜಿನ ಪಡಿಯಾರ್ ಮೇಷ್ಟ್ರು ಬಂದರು. ಅವರು ಮೀನಿನ ಪಾಠದವರು, ಚಿಪ್ಪು ಅವರಿಗೆ ಹೊಸ ಹುಚ್ಚು. ನನ್ನನ್ನು ಎತ್ತಿ, ತುಟಿಯಂಚಿನ ಸೀಳು ನೋಡಿ, "ಛೆ, ಮುಕ್ಕಾಗಿದೆ" ಎಂದು ಮತ್ತೆ ಬುಟ್ಟಿಗೆ ಹಾಕಿದರು.

ಪಕ್ಕದಲ್ಲಿ ಬಾಬಿ ಬಲೆಗೆ ತೇಪೆ ಹಾಕುತ್ತಿದ್ದಳು. ಐದನೇ ಇಯತ್ತೆಗೇ ಶಾಲೆ ಬಿಟ್ಟ ಹುಡುಗಿ, ಯಾರೆದುರೂ ತಲೆ ಎತ್ತದವಳು. ಮೇಷ್ಟ್ರು ನಾಲ್ಕು ಹೆಜ್ಜೆ ಹೋಗಿಯಾಗಿತ್ತು. ಅವಳು ನನ್ನನ್ನು ಎತ್ತಿಕೊಂಡಳು. ಅವಳ ಬೆರಳು ಬೆವರಿತ್ತು.

"ಮೇಷ್ಟ್ರೇ... ಅದ್ ಒಡ್ದದ್ದಲ್ಲ."

"ಹೋ! ಈ ಹೆಣ್ಣಿಗೆ ಬಾಯಿ ಇತ್ತಾ!" ಎಂದು ಗಿರಿಜಕ್ಕ ನಕ್ಕಳು. "ನಾಕ್ ವರ್ಷ ಆಯ್ತ್, 'ಹ್ಞೂಂ' ಬಿಟ್ರೆ ಬೇರೆ ಕೇಂಡದ್ದಿಲ್ಲ."

ಬಾಬಿಯ ಕಿವಿ ಕೆಂಪಾಯಿತು. ಆದರೂ ನಿಲ್ಲಿಸಲಿಲ್ಲ. "ಬಲೆ ಹರ್ದಲ್ಲ್ ನೂಲ್ ಕಡ್ದಿರತ್ತ್. ಬೇಕಂತ್ಲೇ ಬಾಯಿ ಬಿಟ್ಟ್ ಹೆಣೆದಲ್ಲ್ ನೂಲ್ ತಿರ್ಗಿ ಬತ್ತ್. ಇದ್ರ ಗೀಟ್ ಕಾಣಿ, ಎಲ್ಲ ಸೀಳಿನ ಹತ್ರ ಬಗ್ಗಿ ತಿರ್ಗಿದೊ. ಮೇಲಿನ ಸುತ್ತಲ್ಲೂ ಹಾಂಗೇ."

ಮೇಷ್ಟ್ರು ಭೂತಗನ್ನಡಿ ತೆಗೆದರು. ಸೀಳಿನ ಸುತ್ತಲಿನ ಗೀಟುಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ, "ಹೌದಲ್ಲ ಮಾರಾಯ್ತಿ! ಹುಟ್ಟಿದ್ದೇ ಹೀಗೆ!" ಎಂದರು.

ಆ ಸೀಳೇ ನಮ್ಮ ಬಳಗದ ಗುರುತಂತೆ. ಬೆಳೆಯುವಾಗ ಒಳಗಿನ ಜೀವ ಅಷ್ಟು ಜಾಗವನ್ನು ಬೇಕೆಂದೇ ಬಿಟ್ಟು ಕಟ್ಟಿತ್ತು. ಹೊಲಸು ನೀರು ಹೊರಹೋಗುವ ದಾರಿ ಅದು. ಯಾವುದನ್ನು ಕಂಡು ಗೂಡಿನ ಬುಟ್ಟಿಗೆ ಹಾಕಿದರೋ, ಅದನ್ನು ಕಂಡೇ ಉಳಿಸಿಕೊಂಡರು.

ಈಗ ನಾನು ಕಾಲೇಜಿನ ಕಪಾಟಿನಲ್ಲಿ ಹತ್ತಿಯ ಮೇಲೆ ಮಲಗಿದ್ದೇನೆ. ಮಳೆಗಾಲದಲ್ಲಿ ದೋಣಿ ಕಡಲಿಗೆ ಇಳಿಯದಾಗ ಬಾಬಿ ಇಲ್ಲಿಗೆ ಬಂದು ಚಿಪ್ಪು ವಿಂಗಡಿಸುತ್ತಾಳೆ. ಮೇಷ್ಟ್ರನ್ನು ಈಗ ಬೈಯುವುದೂ ಉಂಟು. ನನ್ನ ಚೀಟಿಯಲ್ಲಿ ಸೀಳುತುಟಿಯ ನಮ್ಮ ಬಳಗದ ಹೆಸರಿದೆ: ಟರಿಡ್. ಆ ಬಳಗದಲ್ಲಿ ಯಾವ ಜಾತಿ ಎಂದು ಖಚಿತವಾಗದೆ, ಆ ಹೆಸರನ್ನು ಮೇಷ್ಟ್ರು ಪೆನ್ಸಿಲಿನಲ್ಲಿ ಮೂರು ಸಲ ಬರೆದು ಮೂರು ಸಲ ಅಳಿಸಿದ್ದಾರೆ. ನನಗೇನೂ ಅವಸರವಿಲ್ಲ. ಅದರ ಕೆಳಗಿನ ಸಾಲು ಶಾಯಿಯಲ್ಲಿದೆ.

ಗುರುತಿಸಿದವರು: ಬಾಬಿ, ಗಂಗೊಳ್ಳಿ.