ನೀರಿನ ಡಬ್ಬಿಗೆ ನಾಲ್ಕು ಹನಿ

ನೀಲಗಿರಿ ಎಣ್ಣೆಯ ವಾಸನೆ ಬಂದರೆ ಸಾಕು, ನೋಲೀನಳಿಗೆ ತಾಯಿಯ ಒರಟು ಅಂಗೈ ನೆನಪಾಗುತ್ತಿತ್ತು. ನೆಗಡಿಯಾದರೆ ಮಕ್ಕಳ ಎದೆಗೆ, ಕಲೆಯಾದರೆ ನೆಲಕ್ಕೆ, ಚಿಗಟ ಹತ್ತಿದರೆ ನಾಯಿಗೆ. ತಾಯಿಯ ಬಳಿ ಎಲ್ಲಕ್ಕೂ ಅದೊಂದೇ ಸೀಸೆ. ಈಗ ನೋಲೀನ್ ದಿನದಂತೆ ಅದೇ ಎಣ್ಣೆಯನ್ನು ಗಂಡನ ಉಸಿರಿನ ಯಂತ್ರದ ನೀರಿನ ಡಬ್ಬಿಗೆ ನಾಲ್ಕು ಹನಿ ಬಿಟ್ಟಳು. ಮಾಸ್ಕನ್ನೂ ಅದರಲ್ಲೇ ಒರೆಸಿದಳು. ಆಸ್ಪತ್ರೆಯ ನರ್ಸ್ ಇವತ್ತು ಯಂತ್ರವನ್ನು ನೋಡುವವಳಿದ್ದಳು. ಕೊಳಕು ಅನ್ನಿಸಿಕೊಳ್ಳಬಾರದು.

ಗಂಡ ಕ್ಲೈವ್ ಗೋಧಿ ಸಾಗಿಸುವ ಲಾರಿಯ ಚಾಲಕ. ನಿದ್ದೆಯಲ್ಲಿ ಅವನ ಉಸಿರು ಕಟ್ಟುತ್ತದೆಂದು ತಿಳಿದ ಮೇಲೆ ಡಾಕ್ಟರು ಒಂದು ಷರತ್ತು ಹಾಕಿದ್ದರು. ದಿನಾ ನಾಲ್ಕು ಗಂಟೆಯಾದರೂ ಮಾಸ್ಕ್ ಹಾಕಿ ಮಲಗಿದರೆ ಮಾತ್ರ ಲೈಸೆನ್ಸ್. ಹಾಕಿದ್ದೆಷ್ಟು ಹೊತ್ತು ಎಂಬುದನ್ನು ಯಂತ್ರವೇ ಬರೆದಿಡುತ್ತಿತ್ತು. ಮುಂದಿನ ವಾರ ಕೊಯ್ಲು.

"ಗಂಟಲು ಉರಿಯತ್ತೆ ಕಣೇ. ಆ ಎಣ್ಣೆ ವಾಸನೆಗೆ ಇರ್ಬೇಕು," ಎಂದು ಅವನು ಮೊದಲ ವಾರವೇ ಹೇಳಿದ್ದ.

"ಮೂವತ್ತನಾಲ್ಕು ಚಕ್ರದ ಲಾರಿ ಓಡಿಸ್ತೀಯ, ಒಂದು ರಬ್ಬರ್ ಮೂತಿಗೆ ಅಳ್ತೀಯ. ಹಾಲು ಕುಡಿಯೋ ಮಗು ನೀನು." ಅವನು ಮತ್ತೆ ಆ ಮಾತೆತ್ತಲಿಲ್ಲ. ಅಂಥ ಗಂಡಸಿನ ಮೇಲೆ ಅವಳಿಗೆ ಇನ್ನಷ್ಟು ತಾತ್ಸಾರ ಹುಟ್ಟಿತು.

ಆಸ್ಪತ್ರೆಯಲ್ಲಿ ನರ್ಸ್ ಮಾರಿಸೆಲ್ ಯಂತ್ರದ ಪರದೆಯನ್ನು ನೋಡಿ ತಲೆಯಾಡಿಸಿದಳು. "ಒಂದೂವರೆ ಗಂಟೆ. ಎರಡು. ಇಲ್ಲಿ ಇಪ್ಪತ್ತೇ ನಿಮಿಷ. ಏನ್ ಕ್ಲೈವ್ ಇದು?"

"ಕಿತ್ತು ಬಿಸಾಕ್ತಾನೆ," ನೋಲೀನ್ ಹೇಳಿದಳು. "ತೊಳೆಯೋಳು ನಾನು, ಪೈಪು ಬಿಸಿಲಿಗೆ ನೇತಾಕೋಳು ನಾನು. ಇವನು ಹಾಕ್ಕೊಂಡು ಬಿದ್ಕೊಂಡ್ರೆ ಸಾಕು. ಅದಕ್ಕೂ ಯೋಗ್ಯತೆ ಇಲ್ಲ."

ಮಾರಿಸೆಲ್ ನೀರಿನ ಡಬ್ಬಿಯ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದಳು. ಮಾಸ್ಕಿನ ಅಂಚನ್ನು ಒತ್ತಿ ನೋಡಿದಳು. ಅದು ಬೆರಳಿಗೆ ಅಂಟಿತು.

"ಇದಕ್ಕೆ ಎಣ್ಣೆ ಹಾಕಿದ್ದು ಯಾರು? ಇದರ ಆವಿ ಗಂಟೆಗಟ್ಟಲೆ ಒಳಗೆ ಹೋದ್ರೆ ಯಾರಿಗಾದ್ರೂ ಎದೆ ಉರಿಯತ್ತೆ. ಮಾಸ್ಕ್ ಕಿತ್ತು ಹಾಕದೆ ಇನ್ನೇನ್ ಮಾಡ್ತಾರೆ?"

ನೋಲೀನಳ ಕುತ್ತಿಗೆ ಬಿಸಿಯಾಯಿತು.

"ನಾನೇ," ಎಂದ ಕ್ಲೈವ್. "ಇವಳು ತೊಳೆದಿಟ್ಟ ಮೇಲೆ ನಾನು ಹಾಕ್ತಿದ್ದೆ. ಮೂಗು ಕಟ್ಟಿತ್ತು."

"ಅರವತ್ತು ವರ್ಷ ಆಯ್ತಲ್ರೀ ನಿಮಗೆ. ಕೊಟ್ಟ ಪುಸ್ತಕ ಓದಕ್ಕಾಗ್ಲಿಲ್ವಾ?" ಮಾರಿಸೆಲ್ ಅವನನ್ನು ಬೈಯುತ್ತಲೇ ಹೊಸ ಮಾಸ್ಕ್ ತೆಗೆದಳು. ದಿನಾ ಬೆಚ್ಚಗಿನ ನೀರು, ಪಾತ್ರೆ ಸೋಪು ಒಂದು ಹನಿ. ಒಣಗಿಸುವುದು ನೆರಳಲ್ಲಿ. ಡಬ್ಬಿಗೆ ಡಿಸ್ಟಿಲ್ಡ್ ನೀರು ಬಿಟ್ಟು ಏನೂ ಬೇಡ. ಅವನು ಶಾಲೆಯ ಹುಡುಗನಂತೆ ತಲೆಯಾಡಿಸಿದ.

"ಕೊಯ್ಲಿಗೆ ಹೋಗ್ಬಹುದಾ?"

"ಇನ್ನೊಂದು ತಿಂಗಳು ಸರಿಯಾಗಿ ಹಾಕಿ ತೋರಿಸಿ. ಅಲ್ಲೀವರೆಗೆ ಡಾಕ್ಟ್ರು ಲಾರಿ ಹತ್ತಕ್ಕೆ ಬಿಡಲ್ಲ." ಸ್ವಲ್ಪ ತಡೆದು ಮೆಲ್ಲಗೆ ಸೇರಿಸಿದಳು, "ಬೇಜಾರಾಗ್ಬೇಡಿ."

ವಾಪಸು ಬರುವಾಗ ಕಾರು ಓಡಿಸಿದವಳು ನೋಲೀನ್.

"ಯಾಕೆ ಸುಳ್ಳು ಹೇಳ್ದೆ? ನಿನ್ನ ದೊಡ್ಡಸ್ತಿಕೆ ಯಾರಿಗೆ ಬೇಕಿತ್ತು?"

"ಆ ಹುಡುಗಿ ಬಾಯಿ ಜೋರು. ನಿಂಗೆ ಬೈಯೋದು ನೋಡಕ್ಕಾಗ್ತಿರ್ಲಿಲ್ಲ."

"ನಂಗೆ ನಾಲಿಗೆ ಇಲ್ವಾ?"

"ಇದೆಯಲ್ಲ," ಎಂದು ಅವನು ಕಿಟಕಿಯಾಚೆ ನೋಡಿದ. ಬಲಿತ ಗೋಧಿ ರಸ್ತೆಯ ಅಂಚಿನವರೆಗೂ ಹಬ್ಬಿತ್ತು. ಒಂದು ಹೊಲದಲ್ಲಿ ಆಗಲೇ ಕೊಯ್ಲಿನ ಯಂತ್ರ ಇಳಿದಿತ್ತು.

ಮನೆಗೆ ಬಂದವನೇ ಅವನು ಶೆಡ್ಡಿನಲ್ಲಿ ನಿಂತಿದ್ದ ಲಾರಿಯ ಮೆಟ್ಟಿಲ ಮೇಲೆ ಕೂತ. ಲಾರಿಯ ಬೀಗದ ಕೈ ಅವನ ಬೆರಳಲ್ಲಿ ತಿರುಗುತ್ತಿತ್ತು. ಕಿಟಕಿಯಿಂದ ನೋಡಿದ ನೋಲೀನಳ ನಾಲಿಗೆಯ ತುದಿಗೆ ಬಂದದ್ದು ಹಳೆಯ ಮಾತೇ: ಸೋಮಾರಿ. ಅದನ್ನು ನುಂಗಿಕೊಂಡಳು. ಹೊಸ ಮಾಸ್ಕನ್ನು ಸೋಪಿನಲ್ಲಿ ತೊಳೆದು, ನೆರಳಿನಲ್ಲಿ ಬಟ್ಟೆಯ ಮೇಲೆ ಇಟ್ಟಳು. ಒಲೆ ಹಚ್ಚಿದಳು.

ಊಟಕ್ಕೆ ಅವಳು ಯಾವತ್ತೂ ಬಾಗಿಲಲ್ಲಿ ನಿಂತು ಕೂಗುವವಳು. ಬಾರದಿದ್ದರೆ ತಟ್ಟೆಯನ್ನು ಮೇಜಿಗೆ ಕುಕ್ಕುವವಳು. ಇವತ್ತು ಕುರಿಮಾಂಸದ ಎರಡು ತುಂಡು, ಬಟಾಣಿ, ಹಿಸುಕಿದ ಆಲೂಗಡ್ಡೆ ಹಾಕಿದ ತಟ್ಟೆಯನ್ನು ಹಿಡಿದು ಅಂಗಳ ದಾಟಿ ಶೆಡ್ಡಿಗೆ ಹೋದಳು. ಬೆಣ್ಣೆ ಇನ್ನೂ ಕರಗುತ್ತಿತ್ತು. ಅವನು ತಲೆಯೆತ್ತಿದ. ಅವಳು ಅವನ ಕೈಯಿಂದ ಬೀಗದ ಕೈ ತೆಗೆದುಕೊಂಡು ತನ್ನ ಜೇಬಿಗೆ ಹಾಕಿಕೊಂಡಳು. ಖಾಲಿಯಾದ ಆ ಕೈಗೆ ತಟ್ಟೆ ಕೊಟ್ಟಳು.