ಡಬ್ಬಿ ಬಡಿಯದ ದಿನ

ಹೆಂಗಸರು ಏಣಿಯ ಮೇಲಿದ್ದಾಗಲೇ ತೋಟದ ಪೇರ್ ಹಣ್ಣಿನ ಮರಗಳಿಗೆ ಔಷಧಿ ಹೊಡೆಸಲಾಯಿತು. ಔಷಧಿ ಹೊಡೆದವನ ಅತ್ತಿಗೆಯ ಎರಡೂ ಕಣ್ಣಿಗೆ ಅದು ಬಿತ್ತು.

ಗಿಡಹೇನು ಹತ್ತಿದ ಪೇರ್ ಮರದ ಚಿಗುರೆಲೆ ಸುರುಳಿ ಸುತ್ತಿಕೊಳ್ಳುತ್ತದೆ. ಒಳಗೆ ಬೆಚ್ಚಗೆ ಕೂತ ಹೇನಿಗೆ ಔಷಧಿ ತಾಗುವುದಿಲ್ಲ. ಅದಕ್ಕೇ ಹೆಂಗಸರು ಏಣಿ ಹತ್ತಿ, ಸುರುಳಿ ಕುಡಿಗಳನ್ನು ಚಿವುಟಿ ಸೊಂಟದ ಚೀಲಕ್ಕೆ ಹಾಕಬೇಕು. "ಮಕ್ಕಳ ತಲೆ ನೋಡಿ ನೋಡಿ ಪಳಗಿದ ಕೈ ನಮ್ದು, ಮರದ ತಲೆ ಯಾವ ಲೆಕ್ಕ?" ಎಂದು ಅತ್ತಿಗೆ ನಗಿಸುತ್ತಿದ್ದಳು. ಮುಖವೆಲ್ಲ ಎಲೆಯೊಳಗೆ, ಕೆಳಗೆ ಯಾರು ಬಂದರೆಂದು ಕಾಣದು. ಆದ್ದರಿಂದ ಪಂಪು ಹೊತ್ತವನು ಸಾಲಿಗೆ ಕಾಲಿಡುವ ಮುಂಚೆ ಖಾಲಿ ಡಬ್ಬಿಯನ್ನು ಸ್ಪ್ಯಾನರಿನಿಂದ ಬಡಿಯಬೇಕು, ಮೇಲಿದ್ದವರು ಇಳಿದು ದೂರ ಹೋಗಬೇಕು. ಯಾವ ಧಣಿಯೂ ಮಾಡಿದ ಕಾನೂನಲ್ಲ ಅದು. ಕಣ್ಣು ಮೂಗು ಉಳಿಸಿಕೊಳ್ಳಲು ಕೆಲಸದವರೇ ಮಾಡಿಕೊಂಡ ಕಟ್ಟಳೆ.

ಪಂಪು ಹೊರುವವನು ಅವಳ ಮೈದುನ. ಅವತ್ತು ಅವನು ಸ್ಪ್ಯಾನರ್ ಎತ್ತಿದಾಗ ಮೇಸ್ತ್ರಿ ಕೈ ಹಿಡಿದ.

"ಈ ಸಾಲಲ್ಲಿ ಯಾರೂ ಇಲ್ಲ, ಆಚೆ ಕಳಿಸಿದೀನಿ. ನೀನು ಟಣಟಣ ಅಂದ್ರೆ ತೋಟದವರೆಲ್ಲ ಇಳಿದು ಹರಟೆಗೆ ಕೂರ್ತಾರೆ. ಸುಮ್ನೆ ಹೊಡಿ."

ಯಾರನ್ನೂ ಕಳಿಸಿರಲಿಲ್ಲ. ಮೂರನೇ ಮರದೊಳಗಿಂದ ಅತ್ತಿಗೆಯ ಕೂಗು ಬಂತು.

ಎಡಗಣ್ಣು ಉಳಿಯಬಹುದು, ಬಲಗಣ್ಣು ಹೇಳಲಾಗದು ಎಂದರು ಡಾಕ್ಟರು. ತಪ್ಪು ತೋಟದ್ದೆಂದಾದರೆ ಚಿಕಿತ್ಸೆ ಧಣಿಯ ಹೊಣೆ. ಅವಳದೇ ಎಂದಾದರೆ ಕಣ್ಣೂ ಅವಳದು, ಕತ್ತಲೂ ಅವಳದು. ಇದು ಮೇಸ್ತ್ರಿಗೆ ಚೆನ್ನಾಗಿ ಗೊತ್ತಿತ್ತು. ಸಂಜೆ ಮನೆ ಬಾಗಿಲಿಗೇ ಬಂದ.

"ನಾಳೆ ಧಣಿ ಬರ್ತಾರೆ. ಡಬ್ಬಿ ಬಡಿದೆ, ಅವಳೇ ಇಳೀಲಿಲ್ಲ ಅನ್ನು," ಎಂದು ಮೈದುನನ ಕಿವಿಯಲ್ಲಿ ಪಿಸುಗುಟ್ಟಿದ. "ನಿನ್ನ ಕೆಲಸಾನೂ ಉಳಿಯುತ್ತೆ."

ಮೂಲೆಯ ಮಂಚದಲ್ಲಿ, ಒದ್ದೆ ಬಟ್ಟೆಯಡಿಯಿಂದ ಅತ್ತಿಗೆ ಹೇಳಿದಳು: "ಹೋಗಿರೋದು ಕಣ್ಣು, ಮೇಸ್ತ್ರಿಗಳೇ. ಕಿವಿ ಇನ್ನೂ ಇದೆ."

ಮೇಸ್ತ್ರಿ ಚಪ್ಪಲಿ ಹುಡುಕಿಕೊಂಡು ಹೊರಟ. ಮೈದುನ ಮಂಚದ ಪಕ್ಕ ಬಂದು ಕೂತ.

"ನಿನ್ನ ಮೇಲೆ ಸಿಟ್ಟಿಲ್ಲ ಕಣೋ," ಎಂದಳು ಅವಳು. "ಆದ್ರೆ ನಾನು ಸೋಮಾರಿ ಅಂತ ನಿನ್ನ ಬಾಯಲ್ಲಿ ಬಂದ್ರೆ ಸಿಟ್ಟು ಬರುತ್ತೆ."

ಮರುದಿನ ಧಣಿ ಅದೇ ಸಾಲಿನಲ್ಲಿ ನಿಂತರು. ಹೆಂಗಸರು ಏಣಿಗಳ ಕೆಳಗೆ ಗುಂಪಾಗಿದ್ದರು, ಮೈದುನ ಪಂಪು ಹೊತ್ತು ಎದುರಿಗಿದ್ದ. ಹೇನು ಮರದ ರಸ ಹೀರಿ ಸಿಹಿ ಅಂಟು ಸುರಿಸುತ್ತದೆ. ಆ ಅಂಟಿನ ಆಸೆಗೆ ಇರುವೆಗಳು ಹೇನಿಗೆ ಕಾವಲು ನಿಲ್ಲುತ್ತವೆ. ಮೇಸ್ತ್ರಿಯೂ ಹಾಗೇ ಧಣಿಯ ಪಕ್ಕಕ್ಕೆ ಅಂಟಿಕೊಂಡೇ ನಿಂತಿದ್ದ.

"ಇವನು ಬಡಿದ ಸಾರ್, ನನ್ನ ಕಿವಿಯಾರೆ ಕೇಳಿದೀನಿ. ಆಯಮ್ಮನಿಗೆ ಇಳಿಯೋಕೆ ಮೈಭಾರ."

"ಸುಳ್ಳು ಹೇಳೋಕೂ ಒಂದು ಹದ ಬೇಕಪ್ಪ," ಎಂದಿತು ಗುಂಪಿನೊಳಗಿನ ಒಂದು ದನಿ.

ಧಣಿ ಗಡಿಯಾರ ನೋಡಿಕೊಂಡು ಮೈದುನನತ್ತ ತಿರುಗಿದರು. "ಜಗಳ ಬೇಡ. ನಿನ್ನೆ ಬಡಿದ ಹಾಗೇ ಒಂದ್ಸಲ ಬಡಿ. ಮೇಲಿರೋರಿಗೆ ಕೇಳೋವಷ್ಟು ಸದ್ದಾದ್ರೆ ತಪ್ಪು ಆಯಮ್ಮಂದೇ, ಮಾತು ಮುಗೀತು."

ಮೇಸ್ತ್ರಿ ತಾನೇ ಡಬ್ಬಿ ತಂದಿಟ್ಟ, ಸ್ಪ್ಯಾನರನ್ನು ಮೈದುನನ ಕೈಗೆ ತುರುಕಿದ. "ಬಡಿ, ಬಡಿ."

ಮೈದುನ ಬೆನ್ನಿನಿಂದ ಪಂಪು ಇಳಿಸಿದ. ಸ್ಪ್ಯಾನರನ್ನು ಅದರ ಪಕ್ಕ, ಸದ್ದಾಗದಂತೆ, ಹುಲ್ಲಿನ ಮೇಲಿಟ್ಟ.

"ನಿನ್ನೆ ಬಡಿಯೋಕೆ ನೀವು ಬಿಡಲಿಲ್ಲ, ಮೇಸ್ತ್ರಿ," ಎಂದ. "ಇವತ್ತು ನಾನು ಬಡಿಯಲ್ಲ."